ಹಗಲು ಸರಿ, ರಾತ್ರಿ ಡೌನ್: ನನ್ನ ಹಳೇ ಪಿಕಪ್‌ನ ಚಾರ್ಜಿಂಗ್ ತೊಂದರೆ ಹಿಡಿದಿದ್ದು ಹೀಗೆ

ದಾವಣಗೆರೆ ಎಪಿಎಂಸಿಗೆ ಈರುಳ್ಳಿ, ಮೆಕ್ಕೆಜೋಳ ಹೊಡೆಯುವ ಪಿಕಪ್ ನನ್ನದು. 2007ರ ಮಾಡೆಲ್, ಡೀಸೆಲ್ ಗಾಡಿ. ಇಂಜಿನ್ ಇವತ್ತಿಗೂ ಗಟ್ಟಿ. ಆದರೆ ಹೋದ ವರ್ಷ ಮಳೆಗಾಲದಲ್ಲಿ ಒಂದು ಕಾಟ ಶುರುವಾಯಿತು. ನಾಲ್ಕು ದಿನ ಎಲ್ಲ ಸರಿ ಇರುತ್ತಿತ್ತು. ಐದನೇ ದಿನ ಬೆಳಗ್ಗೆ ಸೆಲ್ಫ್ ಹೊಡೆದರೆ 'ಕಟ್' ಅಂತ ಒಂದು ಸದ್ದು, ಅಷ್ಟೇ. ನಾಲ್ಕು ಜನರನ್ನು ಕರೆದು ತಳ್ಳಿಸಿ ಸ್ಟಾರ್ಟ್ ಮಾಡಬೇಕಿತ್ತು. ಅದಾದ ಮೇಲೆ ಮತ್ತೆ ವಾರಗಟ್ಟಲೆ ಏನೂ ಇಲ್ಲ.

ಮೊದಲು ಬ್ಯಾಟರಿ ಬದಲಿಸಿದೆ. ಹದಿನೈದು ದಿನಕ್ಕೆ ಹೊಸದೂ ಮಲಗಿತು. ಆಮೇಲೆ ಡೈನಮೊ ಬಿಚ್ಚಿಸಿದೆ. ಇಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿಗೆ ನಮ್ಮ ಕಡೆ ಎಲ್ಲರೂ ಡೈನಮೊ ಅಂತಲೇ ಅನ್ನೋದು. ಕಾರ್ಬನ್ ಬ್ರಷ್ ಹೊಸದು ಹಾಕಿಸಿದ್ದಾಯಿತು. ಬೆಂಚಿನ ಮೇಲೆ ತಿರುಗಿಸಿ ತೋರಿಸಿದರು, ಚೆನ್ನಾಗೇ ಚಾರ್ಜ್ ಕೊಡುತ್ತಿತ್ತು. ಗಾಡಿಗೆ ಹಾಕಿದ ಮೇಲೂ ಮೀಟರ್ 14 ವೋಲ್ಟ್ ಚಿಲ್ಲರೆ ತೋರಿಸಿತು. ಮೂರು ವಾರಕ್ಕೆ ಮತ್ತೆ ಅದೇ ಪಾಡು.

ಗ್ಯಾರೇಜಿನಲ್ಲಿ ನಿಂತಾಗ ಸರಿ ಇರುವ ಗಾಡಿಯನ್ನು ಗ್ಯಾರೇಜಿನಲ್ಲೇ ನೋಡಿದರೆ ಏನು ಸಿಗುತ್ತೆ? ತೊಂದರೆ ಆಗುವ ಹೊತ್ತಿಗೇ ಮೀಟರ್ ಕಣ್ಣೆದುರು ಇರಬೇಕು ಅನ್ನಿಸಿತು. 400 ರೂಪಾಯಿಗೆ ಒಂದು ಡಿಜಿಟಲ್ ಮಲ್ಟಿಮೀಟರ್ ತಂದೆ. ಬ್ಯಾಟರಿಯ ಎರಡೂ ತುದಿಯಿಂದ ಸಣ್ಣ ವೈರ್ ಎಳೆದು ಡ್ಯಾಶ್‌ಬೋರ್ಡ್ ಮೇಲೆ ಮೀಟರ್ ಕೂರಿಸಿದೆ. ಪ್ಲಸ್ ವೈರಿಗೆ ಬ್ಯಾಟರಿ ಹತ್ತಿರವೇ 2 ಆಂಪಿಯರ್ ಫ್ಯೂಸ್ ಹಾಕಿದೆ. ಅದನ್ನು ಮಾತ್ರ ಯಾರೂ ಬಿಡಬೇಡಿ. ಸಣ್ಣ ವೈರ್ ಎಲ್ಲಾದರೂ ಉಜ್ಜಿ ಗಾಡಿಯ ಬಾಡಿಗೆ ತಗುಲಿದರೆ ಬೆಂಕಿಯೇ.

ಲೆಕ್ಕ ಇಷ್ಟೇ. ಇಂಜಿನ್ ಬಂದ್ ಮಾಡಿ ಒಂದೆರಡು ತಾಸು ಬಿಟ್ಟ ಮೇಲೆ ಪೂರ್ತಿ ಚಾರ್ಜ್ ಇರುವ ಬ್ಯಾಟರಿ 12.6 ಆಸುಪಾಸು ತೋರಿಸಬೇಕು. ಇಂಜಿನ್ ಓಡುವಾಗ 13.8ರಿಂದ 14.5ರ ಒಳಗೆ ಇರಬೇಕು. ಓಡುವಾಗಲೂ 13ಕ್ಕಿಂತ ಕೆಳಗೇ ನಿಂತರೆ ಬ್ಯಾಟರಿಗೆ ಚಾರ್ಜ್ ಸೇರುತ್ತಿಲ್ಲ.

ಬಾಡಿಗೆ ಬರೆಯುವ ಡೈರಿಯ ಹಿಂದಿನ ಪುಟದಲ್ಲಿ ಒಂದು ವಾರ ನಂಬರ್ ಗುರುತು ಹಾಕಿದೆ. ಹಗಲು ಯಾವಾಗ ನೋಡಿದರೂ 13.8, 13.9. ಒಂದು ರಾತ್ರಿ ಚಳ್ಳಕೆರೆ ಕಡೆಯಿಂದ ಈರುಳ್ಳಿ ತುಂಬಿಕೊಂಡು ಬರುತ್ತಿದ್ದೆ. ಚಿತ್ರದುರ್ಗ ದಾಟಿ ಹೈವೇಗೆ ಬಿದ್ದಾಗ ಹೆಡ್‌ಲೈಟ್ ಆನ್, ಬ್ಲೋವರ್ ಆನ್. ಮೀಟರ್ 12.9ಕ್ಕೆ ಇಳಿಯಿತು. ಭರಮಸಾಗರ ಬರುವಷ್ಟರಲ್ಲಿ 12.3. ಒಂದು ಗುಂಡಿಗೆ ಚಕ್ರ ಬಿತ್ತು ನೋಡಿ, ಲೈಟ್ ಫಳ್ ಅಂತ ಜಾಸ್ತಿಯಾಗಿ ಮೀಟರ್ 14ಕ್ಕೆ ಹಾರಿತು! ಅರ್ಧ ನಿಮಿಷಕ್ಕೆ ಮತ್ತೆ ಇಳಿಯಿತು.

ಆಗಲೇ ಇನ್ನೊಂದು ಕಂಡಿದ್ದು. ಡ್ಯಾಶ್‌ಬೋರ್ಡಿನಲ್ಲಿ ಬ್ಯಾಟರಿ ಚಿತ್ರದ ಕೆಂಪು ದೀಪ ಉರಿಯುತ್ತಿತ್ತು. ಪೂರ್ತಿ ಅಲ್ಲ, ಬೂದಿಯೊಳಗಿನ ಕೆಂಡದ ಹಾಗೆ ಮಸುಕು. ಹಗಲಲ್ಲಿ ಅದು ಕಣ್ಣಿಗೇ ಬೀಳುವುದಿಲ್ಲ. ಆ ಬಲ್ಬಿನ ಒಂದು ತುದಿಗೆ ಕೀ ಕಡೆಯಿಂದ ಬ್ಯಾಟರಿ ಕರೆಂಟ್ ಬರುತ್ತದೆ, ಇನ್ನೊಂದು ತುದಿ ಡೈನಮೊಗೆ ಹೋಗುತ್ತದೆ. ಎರಡೂ ಕಡೆ ವೋಲ್ಟೇಜ್ ಸಮ ಇದ್ದರೆ ದೀಪ ಆರಿರುತ್ತದೆ. ಡೈನಮೊ ಏನೂ ಕೊಡದಿದ್ದರೆ ಪೂರ್ತಿ ಉರಿಯುತ್ತದೆ. ಮಸುಕಾಗಿ ಉರಿದರೆ ಡೈನಮೊ ಕಡೆಗೂ ಬ್ಯಾಟರಿ ಕಡೆಗೂ ಒಂದೆರಡು ವೋಲ್ಟ್ ವ್ಯತ್ಯಾಸ ಇದೆ ಅಂತ ಅರ್ಥ. ಡೈನಮೊ ಒಳಗೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಹೋಗಿದ್ದರೂ ಹೀಗಾಗಬಹುದು. ಆದರೆ ಗುಂಡಿಗೆ ಬಿದ್ದಾಗ ಸರಿಹೋಗುವುದು ಡಯೋಡ್ ಅಲ್ಲ, ಎಲ್ಲೋ ಸಡಿಲವಾದ ಜಾಯಿಂಟ್.

ಮಾರನೇ ದಿನ ಭಾನುವಾರ. ಅಕ್ಕನ ಮಗ ಡಿಪ್ಲೊಮಾ ಓದುತ್ತಾನೆ, ಅವನನ್ನು ಕರೆದೆ. ಮೊದಲು ಸುಲಭದ್ದೆಲ್ಲ ನೋಡಿದೆವು. ಬೆಲ್ಟ್ ಬಿಗಿ ಇತ್ತು, ಜಾರಿ ಹೊಳಪು ಬಂದಿರಲಿಲ್ಲ. ನನ್ನ ಗಾಡಿಯಲ್ಲಿ ಬ್ರೇಕಿನ ವ್ಯಾಕ್ಯೂಮ್ ಪಂಪ್ ಡೈನಮೊದ ಹಿಂಬದಿಗೇ ಕೂತಿದೆ. ಅದರ ಸೀಲ್ ಹೋದರೆ ಆಯಿಲ್ ಒಳಗೆ ಇಳಿದು ಬ್ರಷ್ ನೆನೆಯುತ್ತದೆ, ಚಾರ್ಜ್ ಬಂದು ಬಂದು ಹೋಗುತ್ತದೆ. ಹಳೇ ಡೀಸೆಲ್ ಗಾಡಿ ಇರುವವರು ಇದನ್ನು ನೋಡಲೇಬೇಕು. ನನ್ನದರಲ್ಲಿ ಒಣಗೇ ಇತ್ತು.

ಅರ್ಧ ತಾಸು ಓಡಿಸಿ ಇಂಜಿನ್ ಬಿಸಿ ಮಾಡಿಕೊಂಡೆವು. ತಣ್ಣಗಿದ್ದಾಗ ನೋಡಿದ್ದಕ್ಕೇ ಇಷ್ಟು ದಿನ ಸಿಕ್ಕಿರಲಿಲ್ಲ. ಹೆಡ್‌ಲೈಟ್, ಬ್ಲೋವರ್, ವೈಪರ್ ಎಲ್ಲ ಹಾಕಿದೆವು. ಹೆಡ್‌ಲೈಟ್ ಬಲ್ಬ್ ಎರಡೇ 10 ಆಂಪಿಯರ್ ಎಳೆಯುತ್ತವೆ.

"ಮಾವ, ರೈಸ್ ಮಾಡ್ಲಾ?" ಅಂದ ಒಳಗಿಂದ.

"ಜಾಸ್ತಿ ಬೇಡ, ಹಂಗೇ ಹಿಡ್ಕೊ" ಅಂದೆ.

ಡೈನಮೊದ ದಪ್ಪ ವೈರ್ ಬೋಲ್ಟಿಗೆ ಮೀಟರಿನ ಕೆಂಪು ಪ್ರೋಬ್, ಡೈನಮೊ ಮೈಗೆ ಕಪ್ಪು: 14.3. ಬ್ಯಾಟರಿಯ ಎರಡು ಟರ್ಮಿನಲ್ ಮೇಲೆ: 12.3. ಎರಡು ವೋಲ್ಟ್ ದಾರಿಯಲ್ಲೇ ಕಾಣೆ!

ದಾರಿ ಎರಡಿದೆ, ಪ್ಲಸ್ ಒಂದು, ಅರ್ಥ್ (ಮೈನಸ್) ಒಂದು. ಡೈನಮೊ ಮೈಯಿಂದ ಬ್ಯಾಟರಿ ಮೈನಸ್‌ಗೆ ಅಳೆದರೆ 0.08. ಅಷ್ಟು ನಡೆಯುತ್ತದೆ. ಡೈನಮೊ ಬೋಲ್ಟಿನಿಂದ ಬ್ಯಾಟರಿ ಪ್ಲಸ್‌ಗೆ ಅಳೆದರೆ 1.9. ಇದು 0.3ರ ಒಳಗೆ ಇರಬೇಕಾದ್ದು. ಒಂದು ಪ್ರೋಬ್ ಬ್ಯಾಟರಿಯಲ್ಲೇ ಬಿಟ್ಟು ಇನ್ನೊಂದನ್ನು ಆ ದಪ್ಪ ವೈರಿನ ಒಂದೊಂದೇ ಜಾಯಿಂಟಿಗೆ ಇಡುತ್ತಾ ಬಂದೆ. ಮೇನ್ ಫ್ಯೂಸ್ ಬೋಲ್ಟಿನ ಮೇಲೆ 0.1. ಅದೇ ಬೋಲ್ಟಿಗೆ ಬಂದು ಸೇರುವ ಡೈನಮೊ ವೈರಿನ ತಾಮ್ರಕ್ಕೆ, ಅದರ ತುದಿಗೆ ಒತ್ತಿ ಕೂರಿಸಿದ ಲೋಹದ ಬಳೆ, ಅಂದರೆ ಥಿಂಬಲ್‌ನಿಂದ ಒಂದು ಬೆರಳು ಹಿಂದೆ ಚುಚ್ಚಿದರೆ 1.9. ಕಳ್ಳ ಕೂತಿದ್ದು ಆ ಥಿಂಬಲ್‌ನಲ್ಲಿ.

ಇಂಜಿನ್ ಬಂದ್ ಮಾಡಿ, ಬ್ಯಾಟರಿ ಮೈನಸ್ ತೆಗೆದ ಮೇಲೇ ಅದಕ್ಕೆ ಕೈ ಹಾಕಿದೆ. ಆ ವೈರ್ ಕೀ ತೆಗೆದರೂ ಜೀವಂತ, ಸ್ಪಾನರ್ ಬಾಡಿಗೆ ತಾಗಿದರೆ ಮುಗೀತು. ಹಾಗೇ ಇಂಜಿನ್ ಓಡುವಾಗ ಬ್ಯಾಟರಿ ಟರ್ಮಿನಲ್ ಕಿತ್ತು "ಡೈನಮೊ ಕೆಲಸ ಮಾಡ್ತಿದೆಯಾ ನೋಡೋಣ" ಅನ್ನುವವರಿದ್ದಾರೆ. ದಯವಿಟ್ಟು ಬೇಡ. ಆ ಕ್ಷಣಕ್ಕೆ ವೋಲ್ಟೇಜ್ ನೆಗೆದು ಡಯೋಡ್ ಸುಟ್ಟುಹೋಗಬಹುದು.

ಥಿಂಬಲ್ ಹೊರಗಿನಿಂದ ಚೆನ್ನಾಗಿತ್ತು. ಅದರ ಕುತ್ತಿಗೆಯ ಮೇಲಿನ ರಬ್ಬರ್ ತೋಳು ಮಾತ್ರ ಕಂದು ಬಣ್ಣಕ್ಕೆ ತಿರುಗಿ, ಹಪ್ಪಳದ ಹಾಗೆ ಪುಡಿಯಾಯಿತು. ಒಳಗೆ ತಾಮ್ರದ ಎಳೆಗಳು ಹಸಿರು ಕಿಲುಬು ಹಿಡಿದಿದ್ದವು. ಅರ್ಧಕ್ಕರ್ಧ ಎಳೆ ತುಂಡಾಗಿ, ಕಪ್ಪಗೆ ಸುಟ್ಟಿದ್ದವು. 20 ಆಂಪಿಯರ್ ಹರಿಯುವಾಗ ಅಲ್ಲಿ ಎರಡು ವೋಲ್ಟ್ ಕಳೆದರೆ 40 ವ್ಯಾಟ್ ಶಾಖ. ಬೆಸುಗೆ ಹಾಕುವ ಸೋಲ್ಡರಿಂಗ್ ಐರನ್ ಒಂದನ್ನು ಆ ಜಾಗದಲ್ಲಿ ಬಿಟ್ಟ ಹಾಗೆ. ಹಗಲು ಕರೆಂಟ್ ಕಡಿಮೆ ಹರಿಯುತ್ತದೆ, ಅದಕ್ಕೇ ನಷ್ಟವೂ ಕಡಿಮೆ ಕಾಣುತ್ತಿತ್ತು.

ವೈರನ್ನು ಹೊಳೆಯುವ ತಾಮ್ರ ಸಿಗುವವರೆಗೆ ಹಿಂದಕ್ಕೆ ಕತ್ತರಿಸಿದೆ. ನಾಲ್ಕು ಇಂಚು ಹೋಯಿತು, ಉದ್ದ ಸಾಲಲಿಲ್ಲ. ಕಡೆಗೆ 10 ಸ್ಕ್ವೇರ್ ಎಂಎಂನ ಹೊಸ ತಾಮ್ರದ ವೈರನ್ನೇ ಎಳೆದೆ. ಎರಡೂ ತುದಿಗೆ ಥಿಂಬಲ್ ಇಟ್ಟು ಕ್ರಿಂಪಿಂಗ್ ಪ್ಲೈಯರ್‌ನಲ್ಲಿ ಒತ್ತಿಸಿದೆ. ಸುತ್ತಿಗೆಯಲ್ಲಿ ಕುಟ್ಟಿದರೆ ಒಳಗೆ ಜಾಗ ಉಳಿದು ನೀರು ಇಳಿಯುತ್ತದೆ. ಬೋಲ್ಟ್ ಕೂರುವ ಜಾಗವನ್ನು ಪಾಲಿಶ್ ಪೇಪರಿನಲ್ಲಿ ಉಜ್ಜಿ, ಬಿಗಿದು, ಮೇಲೆ ಗ್ರೀಸ್ ಸವರಿದೆ. ಎಲ್ಲ ಸೇರಿ 300 ರೂಪಾಯಿ ಒಳಗೇ ಆಯಿತು.

ಅದೇ ವಾರ ಮತ್ತೆ ಚಳ್ಳಕೆರೆಯಿಂದ ರಾತ್ರಿ ಲೋಡ್ ಬಂತು. ಭರಮಸಾಗರದ ಹತ್ತಿರ ಹೆಡ್‌ಲೈಟ್, ಬ್ಲೋವರ್ ಎಲ್ಲ ಆನ್ ಇಟ್ಟೇ ನೋಡಿದೆ. ಮೀಟರ್ 14.1. ಆ ಗುಂಡಿಯನ್ನು ಬೇಕಂತಲೇ ಹಾಯಿಸಿದೆ, ನಂಬರ್ ಅಲ್ಲಾಡಲಿಲ್ಲ. ಕೆಂಪು ದೀಪದ ಜಾಗ ಪೂರ್ತಿ ಕತ್ತಲೆ.