ಹಳೇ ಡಿಮ್ಮರ್ ಕೈಕೊಟ್ಟಾಗ ಎಲ್ಲಿ ನೋಡಬೇಕು

ಚಾನಲ್‌ಗೆ 2 ಕಿಲೋವ್ಯಾಟ್‌ನಂತೆ ಆರು ಚಾನಲ್ ಇರುವ ಹಳೇ ಟ್ರಯಾಕ್ (ಬೆಳಕು ಏರಿಳಿಸುವ ಎಲೆಕ್ಟ್ರಾನಿಕ್ ಸ್ವಿಚ್) ಡಿಮ್ಮರ್ ಪ್ಯಾಕ್‌ಗಳು ನಮ್ಮ ಎಷ್ಟೋ ರಂಗಮಂದಿರಗಳಲ್ಲಿ ಇವತ್ತಿಗೂ ದುಡಿಯುತ್ತಿವೆ. ಗುಂಯ್ ಎನ್ನುತ್ತವೆ, ಬಿಸಿಯಾಗುತ್ತವೆ, ನಿಜ. ಆದರೆ ಹ್ಯಾಲೊಜೆನ್ ದೀಪವನ್ನು ಇವು ನಂದಿಸುವ ನಯ ಅಗ್ಗದ ಎಲ್‌ಇಡಿಗೆ ಇನ್ನೂ ಬಂದಿಲ್ಲ. ಗುಜರಿಗೆ ಹಾಕುವ ಮುನ್ನ ಒಮ್ಮೆ ಸರಿಯಾಗಿ ಪರೀಕ್ಷಿಸಿ.

ಫೇಡರ್ (ಕನ್ಸೋಲ್ ಮೇಲಿನ ಜಾರುಗುಂಡಿ) ಸೊನ್ನೆಗೆ ಇಳಿಸಿದ ಮಾತ್ರಕ್ಕೆ ಲೈನಿನಲ್ಲಿ ಕರೆಂಟ್ ಇಲ್ಲ ಎಂದುಕೊಳ್ಳಬೇಡಿ. ಟ್ರಯಾಕ್ ಪಕ್ಕದ ಕೆಪಾಸಿಟರ್ ಮೂಲಕ ಸ್ವಲ್ಪ ಸೋರುತ್ತಲೇ ಇರುತ್ತದೆ. ಬಲ್ಬ್ ಬದಲಿಸಲು ಎಂಸಿಬಿ ಇಳಿಸಿ, ಪ್ಲಗ್ ಕಿತ್ತು, ಆಮೇಲೆ ಕೈ ಹಾಕಿ. ಪ್ಯಾಕ್ ಬಿಚ್ಚುವುದಾದರೆ ಮೇನ್ ಆಫ್ ಮಾಡಿ ಬೀಗ ಜಡಿಯಿರಿ; ಕೀಲಿ ನಿಮ್ಮ ಜೇಬಿನಲ್ಲೇ ಇರಲಿ.

ಬಿಚ್ಚಿದಾಗ ಮೊದಲು ನ್ಯೂಟ್ರಲ್ ಸ್ಕ್ರೂ ಬಿಗಿ ಮಾಡಿ. ಮೂರು ಫೇಸಿನ ಲೋಡ್ ಸಮವಾಗಿದ್ದರೂ ಡಿಮ್ ಮಾಡಿದಾಗ ನ್ಯೂಟ್ರಲ್‌ನಲ್ಲಿ ಕರೆಂಟ್ ಪರಸ್ಪರ ರದ್ದಾಗಿ ಸೊನ್ನೆಯಾಗುವುದಿಲ್ಲ, ಕೆಲವೊಮ್ಮೆ ಫೇಸಿಗಿಂತ ಹೆಚ್ಚೇ ಹರಿಯುತ್ತದೆ. ಅಲ್ಲಿ ಕಂದಿದ ತಂತಿ, ಕರಗಿದ ಇನ್ಸುಲೇಷನ್ ಕಂಡರೆ ಆ ತುಂಡನ್ನೇ ಬದಲಿಸಿ. ನ್ಯೂಟ್ರಲ್ ಕಳಚಿದರೆ 230 ವೋಲ್ಟ್‌ನ ದೀಪಗಳ ಮೇಲೆ ಅದಕ್ಕಿಂತ ಎಷ್ಟೋ ಹೆಚ್ಚು ವೋಲ್ಟ್ ಬಿದ್ದು ಸಾಲಾಗಿ ಸುಟ್ಟುಹೋಗುತ್ತವೆ.

ಒಂದು ದೀಪ ತೊಂದರೆ ಕೊಟ್ಟರೆ ಅದರ ಪ್ಲಗ್ಗನ್ನು ಪಕ್ಕದ ಚಾನಲ್‌ಗೆ ಹಾಕಿ ನೋಡಿ. ತೊಂದರೆ ದೀಪದ ಜೊತೆ ಹೋಯಿತೋ, ಚಾನಲ್‌ನಲ್ಲೇ ಉಳಿಯಿತೋ ಎಂದು ಅರೆನಿಮಿಷದಲ್ಲಿ ತಿಳಿಯುತ್ತದೆ. ಫೇಡರ್ ಇಳಿಸಿದರೂ ದೀಪ ಪೂರ್ತಿ ಉರಿಯುತ್ತಿದ್ದರೆ ಬಹುಪಾಲು ಟ್ರಯಾಕ್ ಶಾರ್ಟ್ ಆಗಿದೆ. ಬಲ್ಬ್ ಹೋಗುವ ಕ್ಷಣದಲ್ಲಿ ಒಳಗೆ ಆರ್ಕ್ ಹತ್ತಿ ಕರೆಂಟ್ ನುಗ್ಗುತ್ತದೆ, ಎಂಸಿಬಿ ಬೀಳುವಷ್ಟರಲ್ಲಿ ಟ್ರಯಾಕ್ ಸತ್ತಿರುತ್ತದೆ.

ಫೇಡರ್ ಪೂರ್ತಿ ಏರಿಸಿದರೂ ದೀಪ ಮಂಕಾಗಿ ಗುಂಯ್‌ಗುಡುತ್ತಿದ್ದರೆ ಎಸಿ ಕರೆಂಟಿನ ಅರ್ಧ ಸೈಕಲ್ ಮಾತ್ರ ಹೋಗುತ್ತಿದೆ. ದೀಪ ಸಿಕ್ಕಿಸಿಕೊಂಡೇ ಅಳೆಯಿರಿ. ಲೋಡ್ ಇಲ್ಲದೆ ಅಳೆದರೆ ಸೋರುವ ವೋಲ್ಟೇಜು ದಾರಿ ತಪ್ಪಿಸುತ್ತದೆ. ಇಂಥ ಕೆಟ್ಟ ಚಾನಲ್‌ನಲ್ಲಿ ಟ್ರೂ ಆರ್‌ಎಂಎಸ್ ಮೀಟರ್ (ಕತ್ತರಿಸಿದ ಅಲೆಯನ್ನೂ ಸರಿಯಾಗಿ ಅಳೆಯುವ ಮೀಟರ್) ಸುಮಾರು 163 ವೋಲ್ಟ್ ತೋರಿಸಬೇಕು. ಅಂಥ ಮೀಟರ್ ಇಲ್ಲವೇ? ಡಿಸಿಗೆ ತಿರುಗಿಸಿ: ಸರಿಯಿರುವ ಚಾನಲ್ ಸೊನ್ನೆಯ ಹತ್ತಿರ ನಿಲ್ಲುತ್ತದೆ, ಕೆಟ್ಟದ್ದು 103ರ ಸುಮಾರು. ಲೈವ್ ಇರುವ ಈ ಅಳತೆಯನ್ನು ಪಳಗಿದ ಎಲೆಕ್ಟ್ರಿಷಿಯನ್ನೇ ಮಾಡಲಿ.

ಬಿಟಿಎ41 ಟ್ರಯಾಕ್ ಹಾಕುವುದಾದರೆ 800 ವೋಲ್ಟಿನದೇ ತನ್ನಿ. ಹೀಟ್‌ಸಿಂಕ್‌ನ ಹಳೇ ಪೇಸ್ಟ್ ಒರೆಸಿ, ಹೊಸದನ್ನು ತೆಳ್ಳಗೆ ಸವರಿ. ಟ್ರಯಾಕ್‌ಗೆ ಬೆಳಕಿನ ಮೂಲಕ ಸಂಕೇತ ಕೊಡುವ ಆಪ್ಟೊಕಪ್ಲರ್ ಹೋಗಿದ್ದರೆ ಎಂಒಸಿ3021 ಕೇಳಿ. ಅಂಗಡಿಯವರು ‘ಅದೇ ಥರದ್ದು’ ಎಂದು 3041 ಕೊಟ್ಟರೆ ಬೇಡ ಅನ್ನಿ. ಅದು ಸೈಕಲ್ ಸೊನ್ನೆ ದಾಟುವಾಗಷ್ಟೇ ಆನ್ ಆಗುತ್ತದೆ. ದೀಪ ಹತ್ತುತ್ತದೆ, ಆರುತ್ತದೆ, ಡಿಮ್ ಮಾತ್ರ ಆಗದು.

1000 ವ್ಯಾಟಿನ ಪಾರ್ ದೀಪಕ್ಕೆ (ಡಬ್ಬಿಯಾಕಾರದ ರಂಗದೀಪ) 4.3 ಆಂಪ್ ಬೇಕು, ಎರಡಕ್ಕೆ 8.7. ವಯಸ್ಸಾದ ಪ್ಯಾಕಿಗೆ ಚಾನಲ್‌ಗೆ 1500 ವ್ಯಾಟ್ ಸಾಕು. ತಣ್ಣಗಿನ ಫಿಲಮೆಂಟು ಹತ್ತು ಪಟ್ಟಿಗೂ ಮಿಕ್ಕಿ ಕರೆಂಟ್ ಎಳೆಯುವುದರಿಂದ ಪ್ರದರ್ಶನಕ್ಕೆ ಮುಂಚೆ ಫೇಡರ್ ಶೇ. 5ರಲ್ಲಿ ಕೆಲವು ನಿಮಿಷ ಬಿಟ್ಟು ಬೆಚ್ಚಗಾಗಿಸಿ.

ಎಲ್‌ಇಡಿ ಪಾರ್‌ಗಳನ್ನು ಈ ಪ್ಯಾಕಿಗೆ ಸಿಕ್ಕಿಸಲೇಬೇಡಿ, ಫೇಡರ್ ಪೂರ್ತಿ ಏರಿಸಿಟ್ಟೂ ಬೇಡ. ಮಿಣುಕುತ್ತವೆ, ಒಳಗಿನ ಪವರ್ ಸಪ್ಲೈ ಸಾಯುತ್ತದೆ. ಅವಕ್ಕೆ ನೇರ ಲೈನಿನ ಸಾಕೆಟ್ ಎಳೆಸಿ.

ಹೊಸ ಡಿಎಂಎಕ್ಸ್ (ದೀಪಗಳಿಗೆ ಡಿಜಿಟಲ್ ಆದೇಶ ಕಳಿಸುವ ಪದ್ಧತಿ) ಕನ್ಸೋಲ್‌ನಿಂದ 0–10 ವೋಲ್ಟಿನ ನಿಯಂತ್ರಣದ ಹಳೇ ಪ್ಯಾಕ್ ನಡೆಸಲು, ಆ ಆದೇಶವನ್ನು ಚಾನಲ್‌ವಾರು ವೋಲ್ಟೇಜಾಗಿ ಬದಲಿಸುವ ಡಿಮಕ್ಸ್ ಪೆಟ್ಟಿಗೆ ಬೇಕು. ಜೋಡಿಸುವ ಮುನ್ನ ಹಳೇ ಡೆಸ್ಕಿನ ಫೇಡರ್ ಏರಿಸಿ ಕಾಮನ್‌ಗೂ ಚಾನಲ್ ಪಿನ್ನಿಗೂ ನಡುವೆ ಅಳೆಯಿರಿ: ಕೆಲವು ಹಳೇ ಪ್ಯಾಕ್‌ಗಳು ಮೈನಸ್ 10ಕ್ಕೆ ಓಡುತ್ತವೆ. ಡಿಎಂಎಕ್ಸ್ ಸಾಲಿನ ಕೊನೆಯಲ್ಲಿ 2 ಮತ್ತು 3ನೇ ಪಿನ್ ನಡುವೆ 120 ಓಮ್ ರೆಸಿಸ್ಟರ್ ಇರಲಿ. ಅದಿಲ್ಲದೆ ದೀಪಗಳು ತಾವಾಗಿಯೇ ಬೆಚ್ಚಿಬೀಳುವುದುಂಟು.