ಹಾಲು ಸೀಯಿಸಿ ಪದ ಹಿಡಿದ ಬಗೆ: ನನ್ನ ಅನುಭವ

‘ಸ್ವಲ್ಪ ಸುಟ್ಟದ್ದಕ್ಕೆ ನಿಮ್ಮ ಮನೆಯಲ್ಲಿ ಏನೆನ್ನುತ್ತೀರಿ?’ ಎಂದು ಕೇಳುತ್ತಲೇ, ಆಡುಮಾತಿನ ಪದಗಳನ್ನು ಕೂಡಿಸಲೆಂದು ಕಾಸರಗೋಡು ಜಿಲ್ಲೆಯ ಬದಿಯಡ್ಕ, ನೀರ್ಚಾಲು, ಪೆರ್ಲದ ಕಡೆ ಸುಮಾರು 30 ಮನೆಗಳನ್ನು ಸುತ್ತಿ ಬರಿಗೈಯಲ್ಲಿ ಮರಳಿದ್ದೆ. ಹಿರಿಯರು ಶಾಲೆಯ ಕನ್ನಡಕ್ಕೆ ಹೊರಳಿ ‘ಸುಟ್ಟಿದೆ’ ಎಂದರು. ಮಲಯಾಳದಲ್ಲಿ ಕಲಿತ ಮಕ್ಕಳು ‘ಕರಿಞ್ಞು’ ಎಂದರು. ಇನ್ನು ಪ್ರಶ್ನೆ ಬೇಡ, ಪಾತ್ರೆಯನ್ನೇ ಒಲೆಗೇರಿಸುತ್ತೇನೆ ಎಂದಾಗ ಪದಸಂಗ್ರಹದ ಗೆಳೆಯರಾರೂ ಒಪ್ಪಲಿಲ್ಲ.

ಮೊದಲು ಸೋತದ್ದು ಅಲ್ಯೂಮಿನಿಯಂ ಪಾತ್ರೆಯಿಂದ. ತಳ ತೆಳುವಾದ್ದರಿಂದ ಹಾಲು ಸೀಯುವ ಹಂತವನ್ನು ದಾಟಿ ನೇರವಾಗಿ ಕರಕಲಾಗುತ್ತಿತ್ತು. ಮೂರು ಪಾತ್ರೆ, ಹತ್ತು ಹನ್ನೆರಡು ಲೀಟರ್ ಹಾಲು, ಎಲ್ಲ ಸೇರಿ ಒಂದೂವರೆ ಸಾವಿರ ರೂಪಾಯಿಯಷ್ಟು ಹೋಯಿತು. ದಪ್ಪ ತಳದ ಸ್ಟೀಲ್ ಪಾತ್ರೆಗೆ ಬದಲಾಯಿಸಿದ ಮೇಲೆ ಒಂದು ಬೆಳಗ್ಗೆ, ತಳದ ಪೊರೆ ಕಂದುಬಣ್ಣಕ್ಕೆ ತಿರುಗಿ ಮೇಲಿನ ಹಾಲು ಇನ್ನೂ ಬೆಳ್ಳಗಿರುವಾಗಲೇ, ಜಗಲಿಯಲ್ಲಿ ಅಡಕೆ ಸುಲಿಯುತ್ತಿದ್ದ ಅಜ್ಜಿಯೊಬ್ಬರು ತಲೆಯೆತ್ತಿ, ‘ಏ ಮಾಣಿ, ಹಾಲು ಕರಂಚುತ್ತು, ನೋಡು’ ಎಂದರು. ಕರಂಚುವುದೆಂದರೆ ಸೀಯುವುದು. ನಾನು ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ಅದೇ ಹಾಲಿಗೆ ನೆರೆಮನೆಯವರು ‘ಅಡಿ ಹಿಡಿದಿದೆ’ ಎಂದರು. ಘಟ್ಟದ ಮೇಲಿನಿಂದ ಬಂದ ಸೊಸೆ ‘ಸೀದಿದೆ’ ಎಂದರು.

ಹೀಗೆ ಕೂಡಿಸಿದ ಮಾತುಗಳನ್ನು ತೂಗಿ ನೋಡಿದಾಗ ನನಗೆ ಕಂಡದ್ದಿಷ್ಟು: ಸೀದದ್ದನ್ನು ಚೆಲ್ಲುವುದಿಲ್ಲ, ಮೇಲಿನದನ್ನು ಬಗ್ಗಿಸಿಕೊಂಡು ಬಳಸುತ್ತಾರೆ, ಅಲ್ಲಿ ಬಣ್ಣಕ್ಕಿಂತ ವಾಸನೆಯೇ ಮುಖ್ಯ. ಕರಟುವುದಕ್ಕೆ ಬೆಂಕಿಯೇ ಬೇಕಾಗಿಲ್ಲ, ಬಿಸಿಲಿಗೆ ಸಸಿಯೂ ಕರಟುತ್ತದೆ. ಅಲ್ಲಿ ಮುದುಡುವುದು ಮುಖ್ಯ. ಕರಕಲಾದದ್ದು ಯಾವುದಕ್ಕೂ ಒದಗದು. ಸುಡುವ ಅರ್ಥದ ‘ಸೀ’ ಧಾತು 1894ರ ಕಿಟೆಲ್ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿಯೇ ಇದೆ. ಸೀಯಾಳದ ‘ಸೀ’ ಸಿಹಿಗೆ ಸೇರಿದ್ದು, ಅದು ಬೇರೆ. ಎರಡನ್ನೂ ಒಂದೇ ಚೀಟಿಯಲ್ಲಿ ಬರೆದಿಟ್ಟು, ಆಮೇಲೆ ಬಿಡಿಸುವುದಕ್ಕೆ ನನಗೆ ಒಂದು ವಾರ ಹಿಡಿಯಿತು.

ನಡುವೆ ಇಸ್ತ್ರಿಯಡಿ ಹಳೆಯ ಪಂಚೆಯನ್ನೂ, ಬಾಣಲೆಯಲ್ಲಿ ಬೆಲ್ಲವನ್ನೂ ಪರೀಕ್ಷಿಸಿದೆ. ಪಂಚೆಗೂ ‘ಸೀದಿದೆ’ ಎಂಬ ಮಾತೇ ಬಂತು. ಬೆಲ್ಲಕ್ಕೆ ಮಾತ್ರ, ಬಾಯಲ್ಲಿ ಕಹಿ ತಟ್ಟುವವರೆಗೆ, ‘ಪಾಕ ಏರಿದೆ’ ಎಂದರೇ ಹೊರತು ಸೀದಿದೆ ಎನ್ನಲಿಲ್ಲ.

ಉರಿಯನ್ನು ಯಾವ ಕ್ಷಣದಲ್ಲಿ ಇಳಿಸಬೇಕು, ಒಲೆಯನ್ನು ಗಾಳಿಯ ಯಾವ ಮಗ್ಗುಲಿಗೆ ಇಡಬೇಕು ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಂಡಿದ್ದೇನೆ. ಒಪ್ಪದಿದ್ದ ಗೆಳೆಯರಲ್ಲಿ ಇಬ್ಬರು ಕಳೆದ ತಿಂಗಳು ಆ ದಪ್ಪ ತಳದ ಪಾತ್ರೆಯನ್ನು ಕೇಳಿ ಒಯ್ದರು.