ಮಾತ್ರೆ ಕೆಲಸ ಮಾಡುತ್ತಿದೆಯೇ? ಗಂಟೆ ಹಾಕಿ ಬರೆಯುವ ಪುಸ್ತಕ: ನನ್ನ ಅನುಭವ

ಕೊಪ್ಪಳ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ ನಾನು ವಿಶೇಷ ಶಿಕ್ಷಕಿ. ಎಡಿಎಚ್‌ಡಿಗೆ (ಗಮನ ನಿಲ್ಲದ, ಅತಿ ಚಂಚಲತೆಯ ತೊಂದರೆಗೆ) ಮಾತ್ರೆ ಶುರುವಾದ ಮಕ್ಕಳ ಬಗ್ಗೆ ವಿಚಾರಿಸಿದರೆ ಒಂದೇ ದಿನ ಎರಡು ಉತ್ತರ ಬರುವುದುಂಟು. ತಾಯಿ ಹೇಳುತ್ತಾರೆ, "ಏನೂ ಫರಕ ಇಲ್ರಿ, ಸಂಜಿಗೆ ಇನ್ನೂ ಜಾಸ್ತಿ ಆಗೇತಿ." ಮಾಸ್ತರು ಹೇಳುತ್ತಾರೆ, "ಹುಡುಗ ಪೂರಾ ಬದಲಾಗ್ಯಾನ." ಇಬ್ಬರ ಮಾತೂ ನಿಜ. ಎಡಿಎಚ್‌ಡಿಗೆ ಕೊಡುವ ಮೀಥೈಲ್‌ಫೆನಿಡೇಟ್ ಎಂಬ ಔಷಧದ ಸಾಮಾನ್ಯ ಮಾತ್ರೆ ನುಂಗಿದ ಅರ್ಧದಿಂದ ಒಂದು ಗಂಟೆಯೊಳಗೆ ಹಿಡಿಯುತ್ತದೆ, ಸುಮಾರು ಮೂರು ನಾಲ್ಕು ಗಂಟೆಗೆ ಇಳಿಯುತ್ತದೆ. ಬೆಳಿಗ್ಗೆ 9ಕ್ಕೆ ಕೊಟ್ಟರೆ ಮಧ್ಯಾಹ್ನ 1ರ ಹೊತ್ತಿಗೆ ಅದರ ಕೆಲಸ ಮುಗಿದಂತೆ. ಹೊಲದಿಂದ ಸಂಜೆ 6ಕ್ಕೆ ಬರುವ ತಾಯಿಗೆ ಮಾತ್ರೆ ಹಿಡಿದ ಹೊತ್ತಿನ ಮಗು ಕಣ್ಣಿಗೇ ಬಿದ್ದಿರುವುದಿಲ್ಲ. ಅದಕ್ಕೇ ನಾನು ಇಡಿಸುವ ಪುಸ್ತಕದಲ್ಲಿ ಮೊದಲ ಕಾಲಂ ಗಂಟೆಯದು.

ಪುಸ್ತಕ ಎಂದರೆ 100 ಪುಟದ ಸಾದಾ ನೋಟ್‌ಬುಕ್, ಮಗುವಿನ ಚೀಲದಲ್ಲೇ ಓಡಾಡುತ್ತದೆ. ದಿನಕ್ಕೆ ಒಂದು ಸಾಲು: ತಾರೀಖು, ಮಾತ್ರೆ ಕೊಟ್ಟ ಗಂಟೆ, ಎಷ್ಟು ಮಿಲಿಗ್ರಾಂ, ಗುರುತಿಸಿಕೊಂಡ ಮೂರು ನಡವಳಿಕೆ, ಬಿಸಿಯೂಟ ಎಷ್ಟು ಉಂಡ, ಮಲಗಿದ್ದು ಎಷ್ಟಕ್ಕೆ, ಕೊನೆಗೆ ವಿಶೇಷವೇನಾದರೂ ಇದ್ದರೆ ಎರಡು ಮಾತು. ಮೂರಕ್ಕಿಂತ ಹೆಚ್ಚು ನಡವಳಿಕೆ ಇಟ್ಟುಕೊಂಡರೆ ಎರಡನೇ ವಾರಕ್ಕೆ ಯಾರೂ ಬರೆಯುವುದಿಲ್ಲ. ನಾಲ್ಕು ತರಗತಿ ಒಬ್ಬರೇ ನೋಡಿಕೊಳ್ಳುವ ಶಿಕ್ಷಕರಿಂದ ದಿನಕ್ಕೆ ಎರಡು ನಿಮಿಷಕ್ಕಿಂತ ಹೆಚ್ಚು ಕೇಳಬಾರದು.

ನಡವಳಿಕೆ ಆರಿಸುವ ಕೆಲಸಕ್ಕೆ ನಾನು ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಡುತ್ತೇನೆ. "ಹಠ ಮಾಡ್ತಾನ", "ಸುಮ್ಮ ಕುಂದ್ರವಲ್ಲ" ಎಂದು ಬರೆದರೆ ಎಣಿಸಲು ಏನೂ ಸಿಗುವುದಿಲ್ಲ. ಬೆಳಗಿನ ಗಣಿತದ ಅವಧಿಯ ಅರ್ಧ ಗಂಟೆಯಲ್ಲಿ ಕೇಳದೆ ಎಷ್ಟು ಸಲ ಎದ್ದ, ಕೊಟ್ಟ ಐದು ಲೆಕ್ಕದಲ್ಲಿ ಎಷ್ಟು ಮುಗಿಸಿದ, ಆಟದ ಬಿಡುವಿನಲ್ಲಿ ಎಷ್ಟು ಸಲ ಕೈಮಾಡಿದ: ಇವು ಎಣಿಕೆಗೆ ಸಿಗುತ್ತವೆ. ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಚಟುವಟಿಕೆಯಿಂದ ಕಲಿಯುವ ನಲಿ-ಕಲಿ ಕೋಣೆಯಲ್ಲಿ ಎದ್ದು ಓಡಾಡುವುದನ್ನು ಎಣಿಸಬೇಡಿ. ಅಲ್ಲಿ ತಟ್ಟೆಯಿಂದ ತಟ್ಟೆಗೆ (ಗುಂಪಿನಿಂದ ಗುಂಪಿಗೆ) ಹೋಗುವುದೇ ಪದ್ಧತಿ, ಎಲ್ಲ ಮಕ್ಕಳೂ ಏಳುತ್ತಾರೆ. ಅಲ್ಲಿ ಆ ದಿನ ಎಷ್ಟು ಚಟುವಟಿಕೆ ಪೂರ್ತಿ ಮಾಡಿದ ಎಂಬುದನ್ನು ಬರೆಸುತ್ತೇನೆ.

ಮೂರರಲ್ಲಿ ಒಂದಾದರೂ ಒಳ್ಳೆಯ ನಡವಳಿಕೆ ಇರಲೇಬೇಕು: ಗೆಳೆಯರ ಜೊತೆ ಆಡಿದನೇ, ನಕ್ಕನೇ, ತಾನಾಗಿ ಮಾತಾಡಿದನೇ. ಇದನ್ನು 0ಯಿಂದ 3ರವರೆಗೆ ಅಂಕ ಹಾಕಿದರೆ ಸಾಕು. ಡೋಸ್ ಹೆಚ್ಚಾದ ಮಗು ಮೂಲೆಯಲ್ಲಿ ಮಂಕಾಗಿ ಕೂರುತ್ತದೆ, ಯಾರ ತಂಟೆಗೂ ಹೋಗುವುದಿಲ್ಲ. ತರಗತಿಗೆ ಅನುಕೂಲವಾಯಿತೆಂದು ಎಲ್ಲರೂ ಖುಷಿಪಡುತ್ತಾರೆ. ಎದ್ದ ಎಣಿಕೆ ಮಾತ್ರ ನೋಡಿದರೆ ಅದು ಭಾರೀ ಗೆಲುವಿನಂತೆ ಕಾಣುತ್ತದೆ. ನಗುವಿನ ಅಂಕ 3ರಿಂದ 0ಗೆ ಬಿದ್ದಿದ್ದರೆ ಮಾತ್ರೆ ಸರಿಹೋಗಿಲ್ಲ ಎಂದೇ ತಿಳಿದು ಡಾಕ್ಟರಿಗೆ ತೋರಿಸಬೇಕು.

ಮಾತ್ರೆ ಶುರುವಾಗುವ ಮುಂಚೆ ಒಂದು ಶಾಲಾ ವಾರ ಇದೇ ಎಣಿಕೆ ಆಗಬೇಕು. ಇದನ್ನು ಬಿಟ್ಟವರೇ ಹೆಚ್ಚು. ಆಮೇಲೆ ಯಾವುದಕ್ಕೆ ಹೋಲಿಸುವುದು? ವಾರದ ಐದು ದಿನದ ಸಂಖ್ಯೆಗಳಿಗೆ ನಾನು ಸರಾಸರಿ ತೆಗೆಸುವುದಿಲ್ಲ. ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ ನಡುವಿನದನ್ನು ತೆಗೆದುಕೊಳ್ಳುತ್ತೇವೆ. ಉದಾಹರಣೆಗೆ 9, 11, 8, 24, 10 ಎಂದಿದ್ದರೆ ನಡುವಿನದು 10, ಸರಾಸರಿ 12.4. ಆ 24 ಗವಿಮಠದ ಜಾತ್ರೆಯಲ್ಲಿ ರಾತ್ರಿ ನಿದ್ದೆಗೆಟ್ಟ ಮಾರನೆಯ ದಿನದ್ದಾಗಿರಬಹುದು, ಒಂದು ದಿನ ಇಡೀ ವಾರವನ್ನು ಕೆಡಿಸಬಾರದು. ಶನಿವಾರ ಬೆಳಗಿನ ಶಾಲೆ, ಮಾತ್ರೆಯ ಗಂಟೆಯೂ ಬದಲಾಗುತ್ತದೆ, ಹಾಗಾಗಿ ಶನಿವಾರವನ್ನು ಶನಿವಾರಕ್ಕೇ ಹೋಲಿಸಬೇಕು.

ಡಾಕ್ಟರು ಸಾಮಾನ್ಯವಾಗಿ 5 ಮಿಲಿಗ್ರಾಂನಿಂದ ಶುರುಮಾಡಿ ವಾರಕ್ಕೊಮ್ಮೆ 5ರಿಂದ 10ರಷ್ಟು ಏರಿಸುತ್ತಾರೆ. ಡೋಸ್ ಏರಿದಾಗಲೆಲ್ಲ ಪುಸ್ತಕದಲ್ಲಿ ಹೊಸ ಪುಟ. ಆ ವಾರಗಳಲ್ಲಿ ಬೇರೇನೂ ಬದಲಾಯಿಸಬೇಡಿ ಎಂದು ಶಾಲೆಗೆ ಕೈಮುಗಿದು ಹೇಳುತ್ತೇನೆ: ಹೊಸ ಟ್ಯೂಷನ್ ಬೇಡ, ಮುಂದಿನ ಸಾಲಿಗೆ ಕೂರಿಸಬೇಕಿದ್ದರೆ ಮೊದಲೇ ಕೂರಿಸಿ. ಎರಡು ಒಟ್ಟಿಗೆ ಬದಲಾದರೆ ಯಾವುದರಿಂದ ಗುಣವಾಯಿತೋ ಗೊತ್ತಾಗುವುದಿಲ್ಲ.

ಸಂಜೆಯ ಗಲಾಟೆಗೆ ಪ್ರತ್ಯೇಕ ಗೆರೆ ಇರಲಿ. ಮಾತ್ರೆ ಇಳಿಯುವ ಹೊತ್ತಿಗೆ ಕೆಲವು ಮಕ್ಕಳು ಮೊದಲಿಗಿಂತ ಹೆಚ್ಚು ಅಳುತ್ತಾರೆ, ಸಿಡುಕುತ್ತಾರೆ. ದಿನವೂ ಅದೇ ಗಂಟೆಗೆ ಶುರುವಾಗಿ ಸ್ವಲ್ಪ ಹೊತ್ತಿಗೆ ತಣ್ಣಗಾದರೆ ಅದು ಇಳಿತದ ಸಿಡುಕು. ಗಂಟೆ ಬರೆದಿದ್ದರೆ ಡಾಕ್ಟರು ಮಧ್ಯಾಹ್ನದ ಸಣ್ಣ ಡೋಸ್ ಕೊಡಬಹುದು, ಅಥವಾ ಎಂಟರಿಂದ ಹನ್ನೆರಡು ಗಂಟೆ ನಿಧಾನವಾಗಿ ಬಿಡುವ ಮಾತ್ರೆಗೆ ಬದಲಿಸಬಹುದು. ಗಂಟೆ ಇಲ್ಲದಿದ್ದರೆ "ಔಷಧದಿಂದ ಹುಡುಗ ಕೆಟ್ಟ" ಎಂದು ಮನೆಯವರೇ ನಿಲ್ಲಿಸಿಬಿಡುತ್ತಾರೆ. ನಿಧಾನವಾಗಿ ಬಿಡುವ ಮಾತ್ರೆಯನ್ನು ನುಂಗಲ್ಲ ಅಂತ ಪುಡಿಮಾಡಿ ಬೆಲ್ಲದಲ್ಲಿ ಕಲಸಿ ಕೊಡುವುದು ನಮ್ಮ ಕಡೆ ಸಾಮಾನ್ಯ. ಹಾಗೆ ಮಾಡಿದರೆ ದಿನವಿಡೀ ಬಿಡಬೇಕಾದ ಔಷಧ ಒಮ್ಮೆಲೇ ಮೈಗೆ ಹತ್ತುತ್ತದೆ. ಬೆಳಿಗ್ಗೆ ವಿಪರೀತ, ಮಧ್ಯಾಹ್ನದ ಮೇಲೆ ಏನೂ ಇಲ್ಲ ಎಂಬ ಸಾಲುಗಳು ಕಂಡರೆ ನಾನು ಮೊದಲು ಕೇಳುವುದು ಇದನ್ನೇ.

ಎಡಿಎಚ್‌ಡಿಗೇ ಕೊಡುವ ಇನ್ನೊಂದು ಔಷಧ ಆಟೊಮಾಕ್ಸೆಟಿನ್‌ಗೆ ಈ ಗಂಟೆಯ ಲೆಕ್ಕ ಹೊಂದುವುದಿಲ್ಲ. ಅದು ಪೂರ್ತಿ ಹಿಡಿಯಲು ನಾಲ್ಕರಿಂದ ಆರು ವಾರ ಬೇಕು, ಇನ್ನೂ ಹೆಚ್ಚೂ ಆಗಬಹುದು. ಮೊದಲ ವಾರಕ್ಕೇ ಕೈಬಿಡಬಾರದು, ಕ್ಯಾಪ್ಸೂಲ್ ಬಿಚ್ಚಲೂಬಾರದು. ಇಲ್ಲಿ ವಾರದ ನಡುವಿನ ಸಂಖ್ಯೆಗಳನ್ನು ಸಾಲಾಗಿ ನೋಡಬೇಕು. ಆಟಿಸಂ ಇರುವ ಮಕ್ಕಳ ಸಿಟ್ಟಿಗೆ ಕೊಡುವ ರಿಸ್ಪೆರಿಡೋನ್‌ನಲ್ಲಿ ಹಸಿವು ಏರುತ್ತದೆ, ತೂಕ ಹೆಚ್ಚುತ್ತದೆ, ತೂಕಡಿಕೆಯೂ ಬರುತ್ತದೆ. ಆ ಪುಸ್ತಕಕ್ಕೆ ಪ್ರತಿ ತಿಂಗಳ ತೂಕ ಮತ್ತು ಸೊಂಟದ ಅಳತೆ ಸೇರಿಸುತ್ತೇನೆ.

ಮೀಥೈಲ್‌ಫೆನಿಡೇಟ್‌ನಲ್ಲಿ ಇದು ತಿರುವುಮುರುವು. ಮಧ್ಯಾಹ್ನ ಹಸಿವೇ ಇರುವುದಿಲ್ಲ, ಬಿಸಿಯೂಟದ ತಟ್ಟೆ ಹಾಗೇ ಉಳಿಯುತ್ತದೆ. ಪೂರ್ತಿ, ಅರ್ಧ, ಕಾಲು, ಇಲ್ಲ ಎಂದು ಅಡುಗೆ ಸಿಬ್ಬಂದಿಯೇ ಚೆನ್ನಾಗಿ ಹೇಳುತ್ತಾರೆ. ರೊಟ್ಟಿ ತಿಂದ ಮೇಲೆ ಮಾತ್ರೆ, ಮಾತ್ರೆ ಇಳಿದ ಮೇಲೆ ಸಂಜೆ ಗಟ್ಟಿ ಊಟ: ಇಷ್ಟು ಸರಿಪಡಿಸಿದರೆ ತೂಕ ಇಳಿಯುವುದು ಬಹುಮಟ್ಟಿಗೆ ನಿಲ್ಲುತ್ತದೆ. ತೂಕ ಯಾವಾಗಲೂ ಅದೇ ಯಂತ್ರದಲ್ಲಿ, ಚಪ್ಪಲಿ ಬಿಟ್ಟು. ಎತ್ತರ ಆರು ತಿಂಗಳಿಗೊಮ್ಮೆ. ಡೋಸ್ ಬದಲಾದಾಗಲೆಲ್ಲ ಬಿಪಿ ಮತ್ತು ನಾಡಿ ನೋಡಿಸಬೇಕು. ಬಿಪಿ ನೋಡಲು ತೋಳಿಗೆ ಸುತ್ತುವ ಪಟ್ಟಿ ಮಕ್ಕಳ ಅಳತೆಯದೇ ಇರಲಿ ಎಂದು ಕೇಳಿ, ದೊಡ್ಡವರ ಪಟ್ಟಿ ಸಣ್ಣ ತೋಳಿಗೆ ಕಡಿಮೆ ತೋರಿಸುತ್ತದೆ.

ತಿಂಗಳಿಗೊಮ್ಮೆ, ಎಡಿಎಚ್‌ಡಿ ಲಕ್ಷಣ ಅಳೆಯುವ ವ್ಯಾಂಡರ್‌ಬಿಲ್ಟ್ ಪ್ರಶ್ನಾವಳಿಯ ಮೊದಲ 18 ಪ್ರಶ್ನೆಗಳನ್ನು ಶಿಕ್ಷಕರಿಗೂ ಮನೆಯವರಿಗೂ ಬೇರೆ ಬೇರೆಯಾಗಿ ಕೇಳುತ್ತೇನೆ. ಒಂಬತ್ತು ಗಮನಕ್ಕೆ, ಒಂಬತ್ತು ಚಂಚಲತೆಗೆ, ಪ್ರತಿಯೊಂದಕ್ಕೂ 0ಯಿಂದ 3. ಇಬ್ಬರ ಮೊತ್ತವನ್ನು ಕೂಡಿಸಬಾರದು, ಪಕ್ಕಪಕ್ಕ ಇಡಬೇಕು.

ಪುಸ್ತಕ ಸುಳ್ಳಾಗುವುದು ಆಸ್ಪತ್ರೆಗೆ ಹೋಗುವ ಹಿಂದಿನ ರಾತ್ರಿ ಎಲ್ಲ ಸಾಲನ್ನೂ ಒಟ್ಟಿಗೆ ತುಂಬಿದಾಗ. ಒಂದೇ ಪೆನ್ನು, ಒಂದೇ ಓರೆ, ಎಲ್ಲ ದಿನಕ್ಕೂ 2. ಅಂಥ ಪುಟಕ್ಕಿಂತ ಖಾಲಿ ಪುಟವೇ ಮೇಲು, ಬರೆಯದಿದ್ದರೆ ಬಿಟ್ಟುಬಿಡಿ ಎಂದು ಮೊದಲೇ ಹೇಳಿರುತ್ತೇನೆ. ಮಾತ್ರೆ ತಪ್ಪಿದ ದಿನಕ್ಕೆ ಸೊನ್ನೆ ಸುತ್ತಿ ಹಾಕಬೇಕು, ಮಾರನೆಯ ದಿನ ಎರಡು ಕೊಡಬಾರದು. ಉಳಿದ ಮಾತ್ರೆಗಳನ್ನು ವಾರಕ್ಕೊಮ್ಮೆ ಎಣಿಸಿದರೆ ತಪ್ಪಿದ್ದು ತಾನೇ ಗೊತ್ತಾಗುತ್ತದೆ. ಮೀಥೈಲ್‌ಫೆನಿಡೇಟ್ ಮಾದಕ ವಸ್ತುಗಳನ್ನು ನಿಯಂತ್ರಿಸುವ ಎನ್‌ಡಿಪಿಎಸ್ ಕಾಯ್ದೆಯ ಪಟ್ಟಿಯಲ್ಲಿರುವ ಔಷಧ, ಎಲ್ಲ ಮೆಡಿಕಲ್ ಶಾಪ್‌ನಲ್ಲೂ ಸಿಗುವುದಿಲ್ಲ. ಹತ್ತು ಮಾತ್ರೆ ಉಳಿದಾಗಲೇ ಡಾಕ್ಟರ ಚೀಟಿ ಹಿಡಿದು ಹೊರಡಬೇಕು. ಗುಳೆ ಹೋಗುವ ಕುಟುಂಬಕ್ಕೆ ಪುಸ್ತಕದ ಕೊನೆಯ ಎರಡು ಪುಟ ಮತ್ತು ಚೀಟಿಯ ಜೆರಾಕ್ಸ್ ಕೊಟ್ಟು ಕಳಿಸುತ್ತೇನೆ, ಹೋದ ಊರಿನ ಡಾಕ್ಟರಿಗೆ ಅದೇ ಆಧಾರ.

ಎದೆನೋವು, ಪ್ರಜ್ಞೆ ತಪ್ಪುವುದು, ಇಲ್ಲದ್ದು ಕಾಣುವುದು ಕೇಳುವುದು, ಸಾಯುವ ಮಾತು, ಕಣ್ಣು ಹಳದಿಯಾಗುವುದು, ರಿಸ್ಪೆರಿಡೋನ್ ಕೊಟ್ಟಾಗ ಕುತ್ತಿಗೆ ಸೆಟೆಯುವುದು: ಇವಕ್ಕೆ ಪುಸ್ತಕ ಬರೆಯುತ್ತ ಕೂರಬಾರದು, ಅಂದೇ ಆಸ್ಪತ್ರೆ. ಎಡಿಎಚ್‌ಡಿಗೆ ಕೊಡುವ ಮತ್ತೊಂದು ಔಷಧ ಕ್ಲೋನಿಡಿನ್ ತೆಗೆದುಕೊಳ್ಳುವ ಮಗುವಿಗೆ ಅದನ್ನು ಮನೆಯಲ್ಲೇ ಥಟ್ಟನೆ ನಿಲ್ಲಿಸಬಾರದು, ಬಿಪಿ ಏರಿಬಿಡುತ್ತದೆ. ರಾತ್ರಿ ಗಾಬರಿಯಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ವರ್ಷಕ್ಕೊಮ್ಮೆ ಮಾತ್ರೆ ಇನ್ನೂ ಬೇಕೇ ಎಂದು ಡಾಕ್ಟರು ಕೆಲವು ದಿನ ನಿಲ್ಲಿಸಿ ನೋಡಬಹುದು. ಅದನ್ನು ಮೇ ತಿಂಗಳ ರಜೆಯಲ್ಲಿ ಇಟ್ಟುಕೊಳ್ಳಬೇಡಿ ಎಂದು ಕೇಳಿಕೊಳ್ಳುತ್ತೇನೆ. ಆಗ ಪಾಠವಿಲ್ಲ, ಕೂರುವ ಕೆಲಸವಿಲ್ಲ, ಎಣಿಸಲು ಏನೂ ಸಿಗುವುದಿಲ್ಲ. ಶಾಲೆ ಶುರುವಾಗಿ ಹಾಜರಾತಿ ನೆಲೆಗೊಂಡ ಜುಲೈನ ಒಂದು ವಾರ, ಅದೇ ಶಿಕ್ಷಕರು, ಅದೇ ಗಣಿತದ ಅವಧಿ, ಅದೇ ಮೂರು ಎಣಿಕೆ.